ಸ್ಲೈಡ್‌ಔಟ್ ಒಳಗಿರುವಾಗ ಆರ್‌ವಿಯನ್ನು ಬಳಸುವ ಬಗೆ

ಅಮೆರಿಕದ ಹೆದ್ದಾರಿಗಳಲ್ಲಿ ಓಡುವ ವಾಹನದ ಅಗಲ ಸಾಮಾನ್ಯವಾಗಿ 102 ಅಂಗುಲ, ಅಂದರೆ ಎಂಟೂವರೆ ಅಡಿ ಮೀರುವಂತಿಲ್ಲ. ಈ ಮಿತಿಯೊಳಗೇ ವಿಶಾಲವಾದ ಹಜಾರವನ್ನು ಒದಗಿಸಲು ಆರ್‌ವಿ, ಅಂದರೆ ಒಳಗೆ ಮನೆಯಂತೆ ವಾಸಿಸಬಹುದಾದ ಪ್ರವಾಸಿ ವಾಹನದ ತಯಾರಕರು ಕಂಡುಕೊಂಡ ಉಪಾಯವೇ ಸ್ಲೈಡ್‌ಔಟ್. ವಾಹನವನ್ನು ನಿಲ್ಲಿಸಿ ಗುಂಡಿ ಒತ್ತಿದರೆ, ಗೋಡೆಯ ಒಂದು ಭಾಗವು ಸೋಫಾ, ಊಟದ ಮೇಜು, ಕೆಲವೊಮ್ಮೆ ಮಂಚವನ್ನೂ ಹೊತ್ತುಕೊಂಡು ಎರಡು ಮೂರು ಅಡಿ ಹೊರಕ್ಕೆ ಸರಿಯುತ್ತದೆ. ಮಾರಾಟ ಮಳಿಗೆಯಲ್ಲಿ ನಾವು ನೋಡಿ ಮೆಚ್ಚುವುದು ಈ ತೆರೆದ ರೂಪವನ್ನು. ಆದರೆ ಮಧ್ಯಾಹ್ನ ಊಟಕ್ಕೆಂದು ರೆಸ್ಟ್ ಏರಿಯಾದಲ್ಲಿ ನಿಂತಾಗ, ರಾತ್ರಿ ಟ್ರಕ್ ಸ್ಟಾಪಿನಲ್ಲಿ ತಂಗಿದಾಗ, ಬಿರುಗಾಳಿ ಎದ್ದಾಗ ನಮಗೆ ಸಿಗುವುದು ಮುಚ್ಚಿದ ಮನೆ ಮಾತ್ರ.

ಡೆನ್ವರ್‌ನಿಂದ ಯೆಲ್ಲೊಸ್ಟೋನ್‌ಗೆ ಹೊರಟ ಮೊದಲ ಪ್ರವಾಸದಲ್ಲಿ ನಮಗೆ ಇದು ಮನವರಿಕೆಯಾಯಿತು. ವಯೋಮಿಂಗ್‌ನ ಇಂಟರ್‌ಸ್ಟೇಟ್ 80ರಲ್ಲಿ, ಲಾರಮಿ ಮತ್ತು ರಾಲಿನ್ಸ್ ನಡುವೆ ಬೀಸುವ ಗಾಳಿಗೆ ಅಂಜಿ, ಸ್ಲೈಡ್ ತೆರೆಯದೆಯೇ ರಾತ್ರಿ ಕಳೆಯಲು ನಿರ್ಧರಿಸಿದೆವು. ಫ್ರಿಜ್ಜಿನ ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು ಊಟದ ಬೆಂಚಿನ ಅಂಚಿಗೆ ತಾಗಿ ನಿಂತಿತು. ಒಳಗಿನ ದೀಪ ಹೊತ್ತಿಕೊಂಡಿತು, ಮೊಸರಿನ ಡಬ್ಬಿ ಕಣ್ಣಿಗೆ ಬಿತ್ತು, ಕೈ ಮಾತ್ರ ಮಣಿಕಟ್ಟಿನಿಂದ ಆಚೆಗೆ ಹೋಗಲಿಲ್ಲ. ಮಗುವಿನ ಹಾಲೂ ಅದರ ಹಿಂದೆಯೇ ಇತ್ತು.

ಆದ್ದರಿಂದ ಆರ್‌ವಿಯನ್ನು ಕೊಳ್ಳುವ ಅಥವಾ ಬಾಡಿಗೆಗೆ ಪಡೆಯುವ ಮುನ್ನ ಎಲ್ಲ ಸ್ಲೈಡ್‌ಗಳನ್ನೂ ಒಳಗೆಳೆದು ತೋರಿಸುವಂತೆ ಕೇಳಿ, ಬಾಗಿಲಿನಿಂದ ಒಳಹೊಕ್ಕು ನಡೆದು ನೋಡಿರಿ. ಶೌಚಾಲಯದ ಬಾಗಿಲು ತೆರೆಯುತ್ತದೆಯೇ, ಒಳಗೆ ಕುಳಿತ ಮೇಲೆ ಅದನ್ನು ಮುಚ್ಚಲಾಗುತ್ತದೆಯೇ, ಫ್ರಿಜ್ಜು ಎಷ್ಟು ತೆರೆಯುತ್ತದೆ, ಮಂಚಕ್ಕೆ ದಾರಿ ಉಳಿಯುತ್ತದೆಯೇ ಎಂಬ ನಾಲ್ಕನ್ನು ಕಣ್ಣಳತೆಗೆ ಬಿಡದೆ ಮೈಯಿಂದಲೇ ಪರೀಕ್ಷಿಸಬೇಕು. ನನ್ನ ಮಟ್ಟಿಗೆ ಶೌಚಾಲಯದ ದಾರಿಯೇ ಎಲ್ಲಕ್ಕಿಂತ ಮುಖ್ಯ. ವಯಸ್ಸಾದ ತಂದೆತಾಯಿಯರು ಊರಿನಿಂದ ಬಂದು ಜೊತೆಗಿದ್ದರೆ, ಅಡ್ಡಡ್ಡಲಾಗಿ ನುಸುಳಿಕೊಂಡು ಹೋಗಬೇಕಾದ ಓಣಿ ಅವರಿಗೆ ಆಗಿಬರುವುದಿಲ್ಲ. ಕೆಲವು ಮಾದರಿಗಳಲ್ಲಿ ಸ್ಲೈಡ್ ಮುಚ್ಚಬೇಕಾದರೆ ಹಾಸಿಗೆಯ ತುದಿಯನ್ನು ಮೇಲಕ್ಕೆ ಮಡಿಸಬೇಕಾಗುತ್ತದೆ. ಅಂಥದ್ದರಲ್ಲಿ ಆ ರಾತ್ರಿ ಮಲಗಲು ಬೇರೆ ಜಾಗವಿದೆಯೇ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಸಾಮಾನು ಜೋಡಿಸುವಾಗಲೂ ಮುಚ್ಚಿದ ಸ್ಥಿತಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕುಡಿಯುವ ನೀರು, ಔಷಧಿ, ಟಾರ್ಚು, ಹೊದಿಕೆ, ಒಂದು ಹೊತ್ತಿನ ಊಟಕ್ಕೆ ಬೇಕಾದ ಚಪಾತಿ, ಚಟ್ನಿಪುಡಿ, ತಟ್ಟೆಗಳು ಬಾಗಿಲ ಬಳಿಯ ಕಪಾಟಿನಲ್ಲಿರಲಿ. ಫ್ರಿಜ್ಜಿನಿಂದ ಬೇಕಾಗುವುದನ್ನು ಹೊರಡುವ ಮುನ್ನವೇ ಚಿಕ್ಕ ಐಸ್ ಪೆಟ್ಟಿಗೆಗೆ ವರ್ಗಾಯಿಸಿಕೊಳ್ಳಿರಿ. ನಡುವಿನ ಓಣಿಯಲ್ಲಿ ಏನನ್ನೂ ಇಡಬಾರದು. ಇರುವ ಒಂದೂವರೆ ಅಡಿ ನೆಲವೂ ಚೀಲಗಳಿಂದ ತುಂಬಿದರೆ ಕತ್ತಲಲ್ಲಿ ಎಡವುವುದು ಖಂಡಿತ.

ಜಾಗ ಸಾಲದೆಂದು ಸ್ಲೈಡನ್ನು ಅರ್ಧಕ್ಕೆ ತೆರೆದು ನಿಲ್ಲಿಸುವ ಆಸೆ ಅನೇಕರಿಗೆ ಬರುತ್ತದೆ. ನಿಮ್ಮ ಕೈಪಿಡಿ ಅದಕ್ಕೆ ಸ್ಪಷ್ಟವಾಗಿ ಅನುಮತಿ ಕೊಟ್ಟಿರದಿದ್ದರೆ ಹಾಗೆ ಮಾಡಬೇಡಿರಿ. ಸುತ್ತಲಿನ ರಬ್ಬರ್ ಪಟ್ಟಿಗಳು ಭದ್ರವಾಗಿ ಕೂರುವುದು ಪೂರ್ತಿ ಒಳಗೆ ಅಥವಾ ಪೂರ್ತಿ ಹೊರಗೆ ಇರುವಾಗ ಮಾತ್ರ. ನಡುವೆ ನಿಂತರೆ ಮಳೆನೀರು ಒಳಗಿಳಿಯುತ್ತದೆ, ಎರಡು ಬದಿಗೂ ಬೇರೆಬೇರೆ ಮೋಟಾರಿರುವ ಬಗೆಯಲ್ಲಿ ಅವುಗಳ ಹೊಂದಾಣಿಕೆ ತಪ್ಪಿ ಸ್ಲೈಡ್ ಓರೆಯಾಗಬಹುದು. ಇನ್ನು ವಾಲ್‌ಮಾರ್ಟ್‌ನಂಥ ಅಂಗಡಿಗಳ ಅಂಗಳದಲ್ಲಿ ತಂಗಲು ಆಯಾ ಮಳಿಗೆಯ ವ್ಯವಸ್ಥಾಪಕರ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಸಿಕ್ಕರೂ ಅಲ್ಲಿ ಸ್ಲೈಡ್, ಚಪ್ಪರ, ಕುರ್ಚಿಗಳನ್ನು ಹೊರಗೆ ಹಾಕದಿರುವುದೇ ಆರ್‌ವಿ ಪ್ರವಾಸಿಗರು ಪಾಲಿಸಿಕೊಂಡು ಬಂದಿರುವ ಮರ್ಯಾದೆ.

ಮುಚ್ಚಿದ ಮನೆಯಲ್ಲಿ ಒಲೆ ಹಚ್ಚುವ ಮುನ್ನ ಸುತ್ತ ನೋಡಬೇಕು. ತೆರೆದಾಗ ದೂರದಲ್ಲಿದ್ದ ಸೋಫಾದ ಬಟ್ಟೆ, ಕಿಟಕಿಯ ಪರದೆ ಈಗ ಒಲೆಯ ಮಗ್ಗುಲಿಗೇ ಬಂದಿರಬಹುದು. ಅಲ್ಲಿ ಒಗ್ಗರಣೆ ಹಾಕುವುದು ಬೇಡವೆಂದೇ ನನ್ನ ಸಲಹೆ. ನೆಲದಲ್ಲಿರುವ ಬಿಸಿಗಾಳಿಯ ಕಿಂಡಿಗಳು ಸ್ಲೈಡಿನ ಅಡಿಗೆ ಸಿಕ್ಕಿವೆಯೇ ಎಂದು ಕೈಯಿಟ್ಟು ನೋಡಿ, ಮುಚ್ಚಿಹೋಗಿದ್ದರೆ ಹೀಟರ್ ಬಳಸದೆ ಕಂಬಳಿ ಹೊದ್ದುಕೊಳ್ಳಿರಿ. ಎಲ್ಲಕ್ಕಿಂತ ಮೊದಲು ತುರ್ತು ನಿರ್ಗಮನದ ಕಿಟಕಿಯನ್ನು ಗುರುತಿಸಬೇಕು. ಸಾಮಾನ್ಯವಾಗಿ ಕೆಂಪು ಹಿಡಿಕೆಯಿರುವ ಆ ಕಿಟಕಿಯ ದಾರಿಗೆ ಮಂಚವೋ ಕಪಾಟೋ ಅಡ್ಡಬಂದಿದ್ದರೆ, ಮಲಗುವವರೆಲ್ಲ ಬಾಗಿಲಿಗೆ ಹತ್ತಿರವಾಗಿ ಮಲಗುವುದು ಕ್ಷೇಮ. ಇಂಗಾಲದ ಮಾನಾಕ್ಸೈಡ್ ಪತ್ತೆ ಮಾಡುವ ಸಾಧನದ ಗುಂಡಿಯನ್ನು ಒತ್ತಿ, ಅದು ಕೂಗುತ್ತದೆಂಬುದನ್ನು ಖಚಿತಪಡಿಸಿಕೊಂಡೇ ದೀಪ ಆರಿಸಿರಿ.

ಮುಂದಿನ ತಾಣದಲ್ಲಿ ಮತ್ತೆ ತೆರೆಯುವಾಗ, ಪ್ರಯಾಣದಲ್ಲಿ ಸ್ಲೈಡ್ ಅಲುಗದಂತೆ ಹಾಕಿದ್ದ ಅಡ್ಡಪಟ್ಟಿಗಳನ್ನು ಮೊದಲು ತೆಗೆಯಬೇಕು. ಸ್ಲೈಡ್ ಎಳೆಯುವ ವಿದ್ಯುತ್ತು ಹೆಚ್ಚಾದ್ದರಿಂದ ಬ್ಯಾಟರಿ ಸೊರಗಿದ್ದರೆ ಅದು ಅರ್ಧದಾರಿಯಲ್ಲೇ ನಿಂತುಬಿಡುತ್ತದೆ. ಹಾಗಾಗಿ ಇಡೀ ರಾತ್ರಿ ದೀಪ, ಫ್ಯಾನು ಬಳಸಿದ್ದರೆ ಮೊದಲು ಬ್ಯಾಟರಿಗೆ ಚಾರ್ಜು ಸಿಗಲಿ. ಹೊರಗಡೆ ಮರದ ಕೊಂಬೆ, ವಿದ್ಯುತ್ ಪೆಟ್ಟಿಗೆ ಅಡ್ಡವಿಲ್ಲವೆಂದು ಒಬ್ಬರು ನಿಂತು ನೋಡುತ್ತಿರುವಾಗ, ಮಕ್ಕಳನ್ನು ಸೋಫಾದಿಂದ ಇಳಿಸಿ, ಗುಂಡಿಯನ್ನು ಕೊನೆಯವರೆಗೂ ಬಿಡದೆ ಒತ್ತಿರಿ.