ಮೊದಲು ಕಿಟಕಿ, ಆಮೇಲೆ ಕಟ್ಟೆ

ಹಳೇ ಮನೆಗೆ ಹೊಸ ಅಡುಗೆಮನೆ ಸೇರಿಸಲು ಹೊರಟವರು ಮೊದಲು ಗ್ರಾನೈಟ್ ಬಣ್ಣ ನೋಡುತ್ತಾರೆ. ಆಮೇಲೆ ಕಪಾಟು, ಚಿಮಣಿ. ಕಿಟಕಿಯ ಮಾತು ಬರುವುದು ಗೋಡೆ ಸೊಂಟದ ಮಟ್ಟಕ್ಕೆ ಎದ್ದ ಮೇಲೆ. 'ಕಿಟಕಿ ಎಲ್ಲಿ ಬಿಡ್ಲಿ ಅಕ್ಕಾ?' ಅಂತ ಮೇಸ್ತ್ರಿ ಕೇಳುತ್ತಾರೆ. 'ಮಧ್ಯಕ್ಕೆ ಬಿಡಿ' ಅನ್ನುತ್ತೇವೆ. ಇನ್ನು ಮುಂದೆ ದಿನಾ ಎಷ್ಟು ಬೆಳಕಿನಲ್ಲಿ, ಎಷ್ಟು ಸೆಕೆಯಲ್ಲಿ ಅಡುಗೆ ಮಾಡಬೇಕು ಅನ್ನುವುದು ಆ ಒಂದು ಮಾತಿನಲ್ಲಿ ತೀರ್ಮಾನವಾಗಿಬಿಡುತ್ತದೆ.

ಮೈಸೂರಿನ ನಮ್ಮ ಹಳೇ ಅಡುಗೆಮನೆಯಲ್ಲಿ ದಕ್ಷಿಣದ ಕಿಟಕಿ ಸರಿಯಾಗಿ ಒಲೆಯ ಮೇಲಿತ್ತು. ಆಷಾಢದ ಗಾಳಿ ಶುರುವಾದರೆ ಉರಿ ನಿಲ್ಲುತ್ತಿರಲಿಲ್ಲ. ಅಮ್ಮ ಕಿಟಕಿ ಮುಚ್ಚಿ, ಒಗ್ಗರಣೆಯ ಘಾಟಿನಲ್ಲೇ ಕೆಮ್ಮುತ್ತಾ ಅಡುಗೆ ಮಾಡುತ್ತಿದ್ದರು. ಹಿತ್ತಲಿಗೆ ಹೊಸ ಅಡುಗೆಮನೆ ಕಟ್ಟುವಾಗ ಇದೊಂದು ಮತ್ತೆ ಆಗಬಾರದು ಅಂತ ಪಟ್ಟು ಹಿಡಿದೆ. ಆಗ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕ ಸುಲಭವಾಗಲಿ ಅಂತ 10 ಅಡಿಗೆ 12 ಅಡಿಯ ಕೋಣೆ ಅಂದುಕೊಳ್ಳೋಣ. ಹಿತ್ತಲು ಪೂರ್ವಕ್ಕಿದೆ, ಪೂರ್ವದ ಗೋಡೆ 12 ಅಡಿ ಉದ್ದ.

ಜಾಗದಲ್ಲಿ ನಿಂತು ನೋಡಿ

ಪಾಯ ತೋಡುವ ಮುಂಚೆ ಸುಣ್ಣದ ಪುಡಿಯಲ್ಲಿ ಕೋಣೆಯ ಗೆರೆ ಎಳೆಯಿರಿ. ಒಂದು ವಾರ ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಅದರೊಳಗೆ ನಿಲ್ಲಿ. ಬಿಸಿಲು ಎಲ್ಲಿಂದ ಬರುತ್ತದೆ, ಪಕ್ಕದ ಮನೆಯ ನೆರಳು ಎಲ್ಲಿಯವರೆಗೆ ಬೀಳುತ್ತದೆ, ಎಲ್ಲ ಬರೆದಿಡಿ. ಪಕ್ಕದ್ದು ಖಾಲಿ ಸೈಟ್ ಆಗಿದ್ದರೆ ಅಲ್ಲಿಂದ ಬರುವ ಬೆಳಕನ್ನು ನಂಬಬೇಡಿ. ನಾಳೆ ಅಲ್ಲೂ ಮನೆ ಏಳುತ್ತದೆ, ಅಲ್ವಾ?

ನಮ್ಮ ಕಡೆ ಸೂರ್ಯನ ದಾರಿ ಸ್ವಲ್ಪ ವಿಶೇಷ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ನಡುಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಮೈಸೂರಿಗೆ ಒಂದೆರಡು ದಿನ ಹೆಚ್ಚುಕಡಿಮೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ, ಆದರೆ ಬಹಳ ಎತ್ತರದಲ್ಲಿ. ಆ ಬಿಸಿಲನ್ನು ಒಂದು ಸಣ್ಣ ಸಜ್ಜಾ ತಡೆಯುತ್ತದೆ. ಹಾಗಾಗಿ ಉತ್ತರದ ಕಿಟಕಿಯಿಂದ ಇಡೀ ದಿನ ತಂಪು ಬೆಳಕು ಸಿಗುತ್ತದೆ. ಪೂರ್ವದ ಬಿಸಿಲು ತಿಂಡಿಯ ಹೊತ್ತಿಗೆ ಬಂದು ಕಟ್ಟೆಯ ತೇವ ಆರಿಸಿ ಹೋಗುತ್ತದೆ. ದಕ್ಷಿಣದ ಬಿಸಿಲು ಡಿಸೆಂಬರ್‌ನಲ್ಲಿ ಓರೆಯಾಗಿ ಒಳಗೆ ಬರುತ್ತದೆ, ಆಗ ಅದು ಹಿತವೇ. ಕಾಟ ಇರುವುದು ಪಶ್ಚಿಮದ್ದು. ಸಂಜೆ ಸೂರ್ಯ ಎದುರಿಗೇ ಇರುತ್ತಾನೆ, ಸಜ್ಜಾ ಎಷ್ಟು ಉದ್ದ ಇದ್ದರೂ ಉಪಯೋಗವಿಲ್ಲ. ಮುಂಗಾರಿನ ಮಳೆ-ಗಾಳಿಯೂ ಅದೇ ಕಡೆಯಿಂದ ಬರುತ್ತದೆ. ಆ ಗೋಡೆಯಲ್ಲಿ ಕಿಟಕಿ ಬೇಕೇ ಬೇಕು ಅಂದರೆ ಚಿಕ್ಕದಾಗಿ, ಎತ್ತರದಲ್ಲಿ ಇಡಿ.

ಕರಾವಳಿ, ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಲ್ಲಿನ ಮಾಡು ಕಿಟಕಿಯ ಮುಂದಕ್ಕೂ ಇಳಿದಿರುತ್ತದೆ, ಕತ್ತಲಾಗದಿರಲಿ ಅಂತ ಒಲೆಯ ಮೇಲೆ ಒಂದು ಗಾಜಿನ ಹೆಂಚು ಇರುತ್ತದೆ.

ಒಲೆ ಪೂರ್ವಕ್ಕೇ ಇರಲಿ ಅಂದರೆ

ಆಗ್ನೇಯಕ್ಕೆ ಅಡುಗೆಮನೆ, ಪೂರ್ವಕ್ಕೆ ಮುಖ ಮಾಡಿ ಒಲೆ. ಬಹಳ ಮನೆಗಳಲ್ಲಿ ಇದು ಹಿರಿಯರು ಮೊದಲೇ ತೀರ್ಮಾನಿಸಿದ ಮಾತು. ಅವರ ಮನಸ್ಸು ನೋಯಿಸದೆಯೂ ಒಳ್ಳೆಯ ಕಿಟಕಿ ಇಡಬಹುದು. ಒಲೆ ಮತ್ತು ಕಿಟಕಿ ಎರಡೂ ಒಂದೇ ಗೋಡೆಯಲ್ಲಿರಲಿ, ಆದರೆ ಒಂದರ ಪಕ್ಕ ಒಂದು.

ನಮ್ಮ 12 ಅಡಿಯ ಗೋಡೆಯನ್ನು ಉತ್ತರದ ಮೂಲೆಯಿಂದ ಎಣಿಸಿ. ಮೊದಲ 2 ಅಡಿ ಉತ್ತರದ ಕಟ್ಟೆ ಬಂದು ಸೇರುವ ಮೂಲೆ. ಆಮೇಲೆ 4 ಅಡಿ ಅಗಲದ ಕಿಟಕಿ. ಆಮೇಲೆ ಎರಡೂವರೆ ಅಡಿ ಖಾಲಿ ಗೋಡೆ. ಆಮೇಲೆ ಎರಡೂವರೆ ಅಡಿ ಒಲೆಗೆ. ಕೊನೆಯ 1 ಅಡಿ ಇಳಿಸಿದ ಪಾತ್ರೆ ಇಡಲು. ಪೂರ್ವಕ್ಕೆ ಮುಖ ಮಾಡಿ ನಿಂತರೆ ಕಿಟಕಿ ಎಡಕ್ಕೆ ಬರುತ್ತದೆ. ಬಲಗೈಯಲ್ಲಿ ಕೆಲಸ ಮಾಡುವವರಿಗೆ ಬೆಳಕು ಎಡದಿಂದ ಬರುವುದೇ ಸರಿ, ಕೈಯ ನೆರಳು ಪಾತ್ರೆಯ ಮೇಲೆ ಬೀಳುವುದಿಲ್ಲ. ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರು ಎಡಗೈಯವರಾದರೆ ಇಡೀ ಜೋಡಣೆಯನ್ನು ತಿರುಗಿಸಿ.

ಹಾಗಾದರೆ ಕಿಟಕಿಯ ಕೆಳಗೆ ಏನು? ಸಿಂಕ್ ಅನ್ನುತ್ತಾರೆ ಬಹಳ ಜನ. ನಾನು ಒಪ್ಪುವುದಿಲ್ಲ. ನಮ್ಮ ಅಡುಗೆಯಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಸೊಪ್ಪು ಬಿಡಿಸುವುದು, ಬೇಳೆ ಆರಿಸುವುದು, ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು. ಕಣ್ಣಿಗೆ ಬೆಳಕು ಬೇಕಾಗುವುದೂ ಆಗಲೇ. ದೊಡ್ಡ ಕಿಟಕಿ ಆ ಕೆಲಸಕ್ಕೆ ಸೇರಬೇಕು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಹೊಸ ಬಡಾವಣೆಗಳಿಗೆ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಅನ್ನುವ ಆರ್ಕಿಟೆಕ್ಟ್ ಒಂದು ಪುಟ್ಟ ಅಡುಗೆಮನೆ ರೂಪಿಸಿದರು. ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್. ಅಷ್ಟು ಇಕ್ಕಟ್ಟಿನಲ್ಲೂ ಕಿಟಕಿಯ ಕೆಳಗಿನ ಜಾಗವನ್ನು ಅವರು ಹೆಚ್ಚುವ ಮೇಜಿಗೇ ಕೊಟ್ಟರು, ಕೂತು ಕೆಲಸ ಮಾಡಲು ಒಂದು ಸ್ಟೂಲನ್ನೂ ಇಟ್ಟರು. ನೂರು ವರ್ಷವಾದರೂ ಆ ಲೆಕ್ಕ ಹಳತಾಗಿಲ್ಲ.

ಸಿಂಕ್ ಉತ್ತರದ ಗೋಡೆಗೆ ಹೋಗಲಿ. ಅದರ ಮೇಲೆ 2 ಅಡಿಗೆ 3 ಅಡಿಯ ಸಣ್ಣ ಕಿಟಕಿ ಸಾಕು. ಆಗ ತೊಳೆಯುವುದು, ಹೆಚ್ಚುವುದು, ಬೇಯಿಸುವುದು ಎಡದಿಂದ ಬಲಕ್ಕೆ ಒಂದೇ ಸಾಲಿನಲ್ಲಿ ಸಾಗುತ್ತದೆ. ಫ್ರಿಜ್ ಬಾಗಿಲ ಹತ್ತಿರ ಇರಲಿ, ಕಿಟಕಿಯ ಬಿಸಿಲಿಗೆ ಬೇಡ. ನೀರು ಕೇಳಿ ಬರುವ ಮಕ್ಕಳು ಒಲೆಯವರೆಗೆ ಬರುವುದೂ ತಪ್ಪುತ್ತದೆ.

ಒಂದು ಎಚ್ಚರಿಕೆ. ಹೊಸ ಗೋಡೆ ಹಳೇ ಗೋಡೆಗೆ ಸೇರುವ ಕಡೆಯಿಂದ ಕಿಟಕಿ ಕನಿಷ್ಠ 2 ಅಡಿ ದೂರ ಇರಲಿ. ಹೊಸ ಪಾಯ ಸ್ವಲ್ಪ ಕೂರುತ್ತದೆ. ಬಿರುಕು ಶುರುವಾಗುವುದು ಸಾಮಾನ್ಯವಾಗಿ ಕಿಟಕಿಯ ಮೂಲೆಯಿಂದಲೇ.

ಎಷ್ಟು ದೊಡ್ಡದು, ಎಷ್ಟು ಎತ್ತರ

ರಾಷ್ಟ್ರೀಯ ಕಟ್ಟಡ ಸಂಹಿತೆ ಕೋಣೆಯ ನೆಲದ ವಿಸ್ತೀರ್ಣಕ್ಕೆ ತಕ್ಕಂತೆ ಕಿಟಕಿಯ ಅಳತೆ ಹೇಳುತ್ತದೆ. ಒಣ ಸೆಕೆಯ ಊರಿಗೆ ಹತ್ತರಲ್ಲಿ ಒಂದು ಪಾಲು, ತೇವದ ಸೆಕೆಯ ಊರಿಗೆ ಆರರಲ್ಲಿ ಒಂದು ಪಾಲು. ಅಡುಗೆಮನೆಯಲ್ಲಿ ಹಬೆ ಇದ್ದೇ ಇರುತ್ತದೆ. ಅದಕ್ಕೇ ಒಳನಾಡಿನವರೂ ಆರರಲ್ಲಿ ಒಂದು ಇಟ್ಟುಕೊಳ್ಳಿ ಅನ್ನುತ್ತೇನೆ. ನಮ್ಮ ಕೋಣೆ 120 ಚದರ ಅಡಿ, ಅಂದರೆ 20 ಚದರ ಅಡಿ ಕಿಟಕಿ ಬೇಕು. ಪೂರ್ವಕ್ಕೆ 4 ಅಡಿ ಅಗಲ, ಮೂರೂವರೆ ಅಡಿ ಎತ್ತರದ್ದು ಇಟ್ಟರೆ 14. ಸಿಂಕ್ ಮೇಲಿನದ್ದು 6. ಸರಿಹೋಯಿತು.

ಎತ್ತರಕ್ಕೆ ಪುಸ್ತಕದ ಲೆಕ್ಕ ಬೇಡ. ದಿನಾ ಅಲ್ಲಿ ನಿಲ್ಲುವವರನ್ನೇ ನಿಲ್ಲಿಸಿ ಅಳೆಯಿರಿ. ಮೊಣಕೈ ಮಡಚಿದಾಗ ಅದಕ್ಕಿಂತ ನಾಲ್ಕೈದು ಇಂಚು ಕೆಳಗೆ ಕಟ್ಟೆ ಬಂದರೆ ಬೆನ್ನು ಬಗ್ಗುವುದಿಲ್ಲ, ಭುಜ ಏರುವುದಿಲ್ಲ. 5 ಅಡಿ 2 ಇಂಚು ಎತ್ತರದವರಿಗೆ ಅದು 33 ಇಂಚಿನ ಸುಮಾರು. ಕಟ್ಟೆಯ ಮೇಲೆ 9 ಇಂಚು ಟೈಲ್ಸ್ ಬಿಟ್ಟು, ನೆಲದಿಂದ 42 ಇಂಚಿಗೆ ಕಿಟಕಿ ಶುರುವಾಗಲಿ. ಲಿಂಟಲ್, ಅಂದರೆ ಕಿಟಕಿಯ ಮೇಲಿನ ಅಡ್ಡತೊಲೆ, 7 ಅಡಿಗೆ. ಆಗ ನಿಂತವರ ಕಣ್ಣು ಕಿಟಕಿಯ ನಡುಭಾಗಕ್ಕೆ ಹತ್ತಿರ ಬರುತ್ತದೆ, ಹಿತ್ತಲಲ್ಲಿ ಆಡುವ ಮಗುವೂ ಕಾಣುತ್ತದೆ.

ಕೈ ಎಟಕುವುದನ್ನು ಜನ ಮರೆಯುತ್ತಾರೆ. ಕಟ್ಟೆ 2 ಅಡಿ ಆಳ, ಅದರಾಚೆ ಗೋಡೆಯ ದಪ್ಪ. ಮೇಲಿನ ಚಿಲಕ ಗಿಡ್ಡ ಇರುವವರಿಗೆ ಎಟಕುವುದೇ ಇಲ್ಲ. ಚಿಲಕಗಳನ್ನು ಕೆಳಗೆ ಹಾಕಿಸಿ. ಒಳಕ್ಕೆ ತೆರೆಯುವ ಬಾಗಿಲಂತೂ ಬೇಡ, ನಲ್ಲಿಗೂ ಸಾಂಬಾರ್ ಡಬ್ಬಿಗೂ ಬಡಿಯುತ್ತದೆ. ಯುಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಸ್ಲೈಡಿಂಗ್ ಕಿಟಕಿ ನೋಡಲು ಚೆನ್ನ, ಆದರೆ ಎರಡು ಬಾಗಿಲಿನದ್ದು ಅರ್ಧ ಮಾತ್ರ ತೆರೆಯುತ್ತದೆ. 14 ಚದರ ಅಡಿಗೆ ದುಡ್ಡು ಕೊಟ್ಟು 7 ಅಡಿಯ ಗಾಳಿ ಪಡೆದಂತೆ. ಹೊರಗೆ ತೆರೆಯುವ ಬಾಗಿಲು, ಒಳಗೆ ಗ್ರಿಲ್, ಬಿಚ್ಚಿ ತೊಳೆಯಲು ಬರುವ ಸೊಳ್ಳೆ ಪರದೆ, ನನ್ನ ಆಯ್ಕೆ ಇದೇ. ಜಿಡ್ಡು ಹಿಡಿದ ಪರದೆಯಲ್ಲಿ ಗಾಳಿ ಆಡುವುದಿಲ್ಲ.

ಹೊಗೆ ಮೇಲೆ, ಗ್ಯಾಸ್ ಕೆಳಗೆ

ಎಕ್ಸಾಸ್ಟ್ ಫ್ಯಾನಿನ ಕಿಂಡಿ ಒಲೆಯ ಹತ್ತಿರದ ದಕ್ಷಿಣದ ಗೋಡೆಯಲ್ಲಿ, ಸೂರಿನ ಕೆಳಗೇ ಇರಲಿ. ಕಿಟಕಿಯ ಪಕ್ಕದಲ್ಲೇ ಇಟ್ಟರೆ ಫ್ಯಾನು ಹೊರಗಿನ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತದೆ, ಒಲೆಯ ಹೊಗೆ ಅಲ್ಲೇ ಉಳಿಯುತ್ತದೆ. ಚಿಮಣಿ ಹಾಕಿಸುವುದಿದ್ದರೆ ಅದರ ಕೊಳವೆಗೂ ಈಗಲೇ ತೂತು ಬಿಡಿಸಿ.

ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಮೇಲಿನ ಕಿಟಕಿ ಎಷ್ಟು ದೊಡ್ಡದಿದ್ದರೂ ಅದನ್ನು ಹೊರಗೆ ಕಳಿಸುವುದಿಲ್ಲ. ಸಿಲಿಂಡರ್ ಇಡುವ ಕಡೆ, ನೆಲದ ಮಟ್ಟದಲ್ಲೇ, ಹೊರಗೋಡೆಗೆ ಒಂದು ಕಿಂಡಿ ಬಿಡಿಸಿ. ಇಲಿ ಬರದಂತೆ ಗಟ್ಟಿ ಜಾಲರಿ ಹಾಕಿಸಿ. ಇದಕ್ಕೆ ಖರ್ಚು ಬಹಳ ಕಡಿಮೆ. ದಯವಿಟ್ಟು ಬಿಡಬೇಡಿ.

ಹಿಂದೆ ಉಳಿಯುವ ಕೋಣೆ

ಹಿತ್ತಲಿಗೆ ಹೊಸ ಕೋಣೆ ಬಂದ ಕೂಡಲೇ ಹಳೇ ಅಡುಗೆಮನೆಯ ಪೂರ್ವದ ಕಿಟಕಿ ಮುಚ್ಚಿಹೋಗುತ್ತದೆ. ಊಟದ ಕೋಣೆ ಮಾಡೋಣ ಅಂದುಕೊಂಡ ಜಾಗದಲ್ಲಿ ಹಗಲಲ್ಲೂ ಲೈಟ್ ಹಾಕಬೇಕಾಗುತ್ತದೆ. ಹೊಸದನ್ನು ಕಟ್ಟುವ ಖುಷಿಯಲ್ಲಿ ಇದು ಯಾರಿಗೂ ಹೊಳೆಯುವುದಿಲ್ಲ.

ಹಳೇ ಮನೆಯ ಸೂರು ಎತ್ತರವಾಗಿದ್ದರೆ ದಾರಿ ಇದೆ. ನಮ್ಮದು 11 ಅಡಿ ಇತ್ತು. ಹೊಸ ಕೋಣೆಯನ್ನು 9 ಅಡಿಗೆ ನಿಲ್ಲಿಸಿದೆವು. ಹೊಸ ತಾರಸಿಯ ದಪ್ಪ ಕಳೆದರೂ ಹಳೇ ಗೋಡೆಯಲ್ಲಿ ಒಂದೂವರೆ ಅಡಿ ಬಯಲಾಗಿ ಉಳಿಯಿತು. ತಾರಸಿಯ ನೀರು ಒಳಗೆ ಬರದಂತೆ 6 ಇಂಚು ಬಿಟ್ಟು, ಅದರ ಮೇಲೆ 1 ಅಡಿ ಎತ್ತರದ ಉದ್ದನೆಯ ವೆಂಟಿಲೇಟರ್ ಇಟ್ಟೆವು. ಬೆಳಗಿನ ಬೆಳಕು ಈಗಲೂ ಊಟದ ಮೇಜಿನ ಮೇಲೆ ಬೀಳುತ್ತದೆ. ಮುಚ್ಚಿಹೋಗಲಿದ್ದ ಹಳೇ ಕಿಟಕಿ ಬಡಿಸುವ ಕಿಂಡಿಯಾಯಿತು.

ಗೋಡೆ ಏಳುವ ದಿನ

ಎಲ್ಲ ಅಳತೆ ಸರಿಯಿದ್ದೂ ಕಿಟಕಿ ತಪ್ಪುವುದು ಒಂದು ಸಣ್ಣ ಕಾರಣಕ್ಕೆ. ನಾವು 42 ಇಂಚು ಅನ್ನುವಾಗ ಟೈಲ್ಸ್ ಹಾಕಿದ ನೆಲ ನಮ್ಮ ಮನಸ್ಸಿನಲ್ಲಿರುತ್ತದೆ. ಮೇಸ್ತ್ರಿಯ ಟೇಪು ನಿಂತಿರುವುದು ಒರಟು ನೆಲದ ಮೇಲೆ. ಆಮೇಲೆ ಗಾರೆ, ಟೈಲ್ಸ್ ಸೇರಿ ನೆಲ ಎರಡು ಮೂರು ಇಂಚು ಏರುತ್ತದೆ, ಕಿಟಕಿ ಅಷ್ಟೇ ಕೆಳಗೆ ಬರುತ್ತದೆ, ಕಟ್ಟೆಯ ಟೈಲ್ಸ್‌ಗೆ ಜಾಗ ಸಾಲದೇ ಹೋಗುತ್ತದೆ. ಮುಗಿದ ನೆಲದ ಮಟ್ಟ ಎಲ್ಲಿಗೆ ಬರುತ್ತದೆ ಅಂತ ಮೇಸ್ತ್ರಿಯನ್ನು ಕೇಳಿ. ಹಳೇ ಮನೆಯ ಗೋಡೆಯ ಮೇಲೆ ಅಲ್ಲಿಗೆ ಒಂದು ಕೆಂಪು ಗೆರೆ ಹಾಕಿಸಿ. ಕಟ್ಟೆ, ಕಿಟಕಿ, ಲಿಂಟಲ್, ಪ್ಲಗ್ ಪಾಯಿಂಟ್, ಎಲ್ಲವನ್ನೂ ಆ ಗೆರೆಯಿಂದಲೇ ಅಳೆಯಲು ಹೇಳಿ. ಚೌಕಟ್ಟು ನಿಲ್ಲಿಸುವ ದಿನ ಅಡುಗೆ ಮಾಡುವವರು ಅಲ್ಲಿರಬೇಕು. ಗೆರೆಯ ಮಟ್ಟಕ್ಕೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ನಿಂತು ಚಿಲಕಕ್ಕೆ ಕೈ ಚಾಚಿ ನೋಡಲಿ. ಎಟಕಿದ ಮೇಲೆ ಸಿಮೆಂಟ್ ಕಲಸಲಿ.