ಊಟ ಉದ್ದವಾದಾಗ ಮಕ್ಕಳನ್ನು ಮಾತಿನೊಳಗೆ ಉಳಿಸಿಕೊಳ್ಳುವುದು: ನನ್ನ ಅನುಭವ

ದೊಡ್ಡವರು ಯಾರ ವಿಷಯ ಮಾತಾಡುತ್ತಿದ್ದಾರೆ ಎಂದೇ ತಿಳಿಯದ ಮಗು ಸ್ವಲ್ಪ ಹೊತ್ತಿನಲ್ಲೇ ಕುರ್ಚಿಯಿಂದ ಜಾರತೊಡಗುತ್ತದೆ. ಹಾಗಾಗಿ ಮಕ್ಕಳಿಗೆಂದು ಬೇರೆ ಮನರಂಜನೆ ಹುಡುಕುವ ಬದಲು ಅದೇ ಮಾತಿನೊಳಗೆ ಅವರಿಗೆ ದಾರಿ ಮಾಡಿಕೊಡುತ್ತೇನೆ. ಯಾರದೇ ಹೆಸರು ಬಂದರೂ ಒಂದು ವಾಕ್ಯದ ಪರಿಚಯ: ‘ಅವರು ಅಜ್ಜಿಯ ಅಣ್ಣ, ರೈಲು ಓಡಿಸುತ್ತಿದ್ದರು.’ ಮುಂದಿನ ಪ್ರಶ್ನೆ ಹೆಚ್ಚಾಗಿ ಮಗುವಿನಿಂದಲೇ ಬರುತ್ತದೆ.

ಕೂರಿಸುವ ಜಾಗದಿಂದಲೇ ಅರ್ಧ ಕೆಲಸ ಆಗುತ್ತದೆ. ಮಕ್ಕಳನ್ನೆಲ್ಲ ಮೇಜಿನ ಒಂದು ತುದಿಗೆ ತಳ್ಳಿದರೆ ಅಲ್ಲಿ ಬೇರೆಯದೇ ಗಲಾಟೆ ಹುಟ್ಟುತ್ತದೆ. ಮಾತು ಕೇಳಿಸಿಕೊಳ್ಳುವ ತಾಳ್ಮೆಯಿರುವ ಒಬ್ಬ ಹಿರಿಯರ ಪಕ್ಕ, ಮೇಜಿನ ನಡುಭಾಗದಲ್ಲಿ ಮಗು ಕೂರಲಿ. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಪಾದಕ್ಕೆ ಆಸರೆ ಬೇಕು. ಕಾಲು ನೇತಾಡುತ್ತಿದ್ದರೆ ಮೈ ಸುಮ್ಮನಿರುವುದಿಲ್ಲ, ಗಮನವೂ ನಿಲ್ಲುವುದಿಲ್ಲ. ಹಸಿದ ಮಗುವಿನ ಹತ್ತಿರ ಮಾತು ನಿರೀಕ್ಷಿಸಬಾರದು. ಅವರಿಗೆ ಮೊದಲು ಬಡಿಸಿ, ನಾಲ್ಕು ತುತ್ತು ಒಳಗೆ ಹೋದ ಮೇಲೆ ಮಾತಿಗೆಳೆಯುತ್ತೇನೆ. ಬಾಯಲ್ಲಿ ತುತ್ತಿರುವಾಗ ಪ್ರಶ್ನೆಯೂ ಬೇಡ, ನಗಿಸುವುದೂ ಬೇಡ. ಸಣ್ಣ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ನಿಜವಾದದ್ದು.

‘ಶಾಲೆ ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎಂಬಲ್ಲಿಗೆ ಮಾತು ಮುಗಿಯಿತು. ಪ್ರಶ್ನೆ ಚಿಕ್ಕದಾಗಿ, ಒಂದು ಜಾಗಕ್ಕೆ ನೆಟ್ಟಿರಬೇಕು: ‘ಇವತ್ತು ನಿನ್ನ ಪಕ್ಕ ಯಾರು ಕೂತಿದ್ದರು?’, ‘ಮೇಷ್ಟ್ರಿಗೆ ನಗು ಬಂದದ್ದು ಯಾವಾಗ?’ ಕೇಳಿದ ಮೇಲೆ ಸುಮ್ಮನೆ ಕಾಯಬೇಕು, ಎಲ್ಲಕ್ಕಿಂತ ಕಷ್ಟದ ಭಾಗ ಇದೇ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. 3 ಸೆಕೆಂಡ್ ಅಥವಾ ಹೆಚ್ಚು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು. ಮೇಜಿನ ಸುತ್ತ ಹತ್ತು ಜನರಿದ್ದರೆ ಆ 3 ಸೆಕೆಂಡ್ ತುಂಬಲು ಯಾರೋ ಒಬ್ಬರು ಬಾಯಿ ಹಾಕೇ ಹಾಕುತ್ತಾರೆ, ಹೆಚ್ಚಾಗಿ ಅಕ್ಕನೋ ಅಣ್ಣನೋ. ‘ಅವಳು ಹೇಳಿ ಮುಗಿಸಲಿ, ಆಮೇಲೆ ನಿನ್ನ ಸರದಿ’ ಎಂದು ಮೆಲ್ಲಗೆ ತಡೆದು, ಆ ಸರದಿಯನ್ನು ಮರೆಯದೆ ಕೊಡುತ್ತೇನೆ. ಕೊಡದಿದ್ದರೆ ಮುಂದಿನ ಸಲ ಯಾರೂ ತಡೆಗೆ ಬಗ್ಗುವುದಿಲ್ಲ.

ಮಗು ಹೇಳುತ್ತಿರುವಾಗ ಉಚ್ಚಾರವನ್ನಾಗಲಿ, ಇಸವಿಯನ್ನಾಗಲಿ ತಿದ್ದಬಾರದು. ಎರಡು ಸಲ ತಿದ್ದಿಸಿಕೊಂಡ ಮಗು ಮೂರನೆಯ ಸಲ ಬಾಯಿ ಬಿಡುವುದಿಲ್ಲ. ಅಂಕಪಟ್ಟಿ, ತೂಕ, ‘ಒಂದು ಹಾಡು ಹೇಳು’ ಎಂಬ ಒತ್ತಾಯ, ಇವನ್ನೂ ಆ ಹೊತ್ತಿಗೆ ದೂರವಿಡಿ. ನೆಂಟರಿಗೆ ಮುಂಚೆಯೇ ಹೇಳಿಬಿಡುವುದು ಒಳ್ಳೆಯದು.

ಮಾತು ಸೊರಗಿದಾಗ ಆಟ. ಒಬ್ಬರು ಒಂದು ವಸ್ತುವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು, ಉಳಿದವರು ಹೌದು–ಇಲ್ಲ ಎಂಬ ಉತ್ತರ ಬರುವ 20 ಪ್ರಶ್ನೆಗಳಲ್ಲಿ ಅದನ್ನು ಹಿಡಿಯುವುದು. ಐದು ವರ್ಷದೊಳಗಿನವರಿಗೆ ವಸ್ತು ಕಣ್ಣೆದುರೇ ಇರಲಿ, ಇಲ್ಲವಾದರೆ ಸೋತು ಬೇಸರಪಡುತ್ತಾರೆ. ದೊಡ್ಡ ಮಕ್ಕಳಿಗೆ ಇದಕ್ಕಿಂತ ರುಚಿಸುವುದು ಸಂದರ್ಶನ: ‘ತಾತ ಶಾಲೆಗೆ ಹೇಗೆ ಹೋಗುತ್ತಿದ್ದರು, ಏನಕ್ಕೆ ಹೆದರುತ್ತಿದ್ದರು, ಕೇಳಿ ತಿಳಿದುಕೋ’ ಎಂದು ಕೆಲಸ ಒಪ್ಪಿಸಿದರೆ ಇಬ್ಬರಿಗೂ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಫೋನ್ ಮೇಜಿನ ಮೇಲಿರಬಾರದು. ದೊಡ್ಡವರದ್ದೂ ಸೇರಿ.

ಮೂರು–ನಾಲ್ಕು ವರ್ಷದವರು ಇಪ್ಪತ್ತು ನಿಮಿಷ ಕೂತರೆ ಅದೇ ಹೆಚ್ಚು. ಚಡಪಡಿಕೆ ಶುರುವಾಗುವ ಮೊದಲೇ ಎಬ್ಬಿಸಿ, ಚಮಚ ತರುವ ಕೆಲಸ ಕೊಡಿ. ಅತ್ತ ಮೇಲೆ ಬಿಟ್ಟರೆ ಅತ್ತರೆ ಬಿಡುತ್ತಾರೆ ಎಂದು ಕಲಿಯುತ್ತಾರೆ. ಆಡಿ ಬಂದ ಮಗುವಿಗೆ ಅಷ್ಟರಲ್ಲಿ ಏನು ಮಾತಾಯಿತು ಎಂದು ಎರಡು ವಾಕ್ಯದಲ್ಲಿ ಹೇಳಿ ಮತ್ತೆ ಕೂರಿಸಿಕೊಳ್ಳಿ.