ಕೊಯ್ಲಿಗೆ ಮೊದಲೇ ಮಾತ್ರೆ ಬದಲಿಸುವುದು: ನೆಬ್ರಾಸ್ಕಾದ ಪುಟ್ಟ ಊರಿನಲ್ಲಿ ನನ್ನ ಅನುಭವ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಮ್ಮ ಊರಿನಲ್ಲಿ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್‌ವರೆಗೆ ರೈತರು ಕ್ಲಿನಿಕ್ಕಿನ ಕಡೆ ತಲೆ ಹಾಕುವುದು ಅಪರೂಪ. ಮೊದಲು ಸೋಯಾ ಕೊಯ್ಲು, ಆಮೇಲೆ ಮೆಕ್ಕೆಜೋಳ. ಇಬ್ಬನಿ ಆರಿದ ಮೇಲೆ ಕಂಬೈನ್ ಎಂಬ ದೊಡ್ಡ ಕೊಯ್ಲಿನ ಯಂತ್ರ ಹೊಲಕ್ಕೆ ಇಳಿಯಿತು ಅಂದರೆ ರಾತ್ರಿ ಹನ್ನೊಂದಾದರೂ ನಿಲ್ಲುವುದಿಲ್ಲ. ಮಳೆ ಬಂದ ದಿನ ಮಾತ್ರ ಕ್ಲಿನಿಕ್ ಒಮ್ಮೆಲೇ ತುಂಬುತ್ತದೆ. ಕೈ ಕೊಯ್ದುಕೊಂಡವರು, ವಾರದಿಂದ ಕೆಮ್ಮುತ್ತಿರುವವರು, ಮಾತ್ರೆ ಮುಗಿದು ಎಷ್ಟೋ ದಿನ ಆದವರು, ಎಲ್ಲರೂ ಅವತ್ತೇ ಬರುತ್ತಾರೆ.

ಇದನ್ನು ನೋಡಿ ನೋಡಿ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು. ಈಗ ಬಿಪಿ, ಶುಗರ್ ಇರುವವರ ಔಷಧಿಯನ್ನು ನಾನು ಬೆಳೆಯ ಲೆಕ್ಕದಲ್ಲಿ ನೋಡುತ್ತೇನೆ. ಬಿತ್ತನೆ ಯಾವಾಗ, ಕೊಯ್ಲು ಯಾವಾಗ, ಬಿಡುವು ಯಾವಾಗ ಅಂತ ಕೇಳಿಕೊಂಡೇ ಚೀಟಿ ಬರೆಯುವುದು.

ನನ್ನ ಬಗ್ಗೆ ಒಂದೆರಡು ಮಾತು. ನಾನು ಸಕಲೇಶಪುರದ ಕಡೆಯವಳು. ಮೈಸೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿದೆ. 2005ರಲ್ಲಿ ಅಮೆರಿಕ ಸರ್ಕಾರ ನರ್ಸ್ ಮತ್ತು ಫಿಸಿಯೋಥೆರಪಿಯವರಿಗಾಗಿ 50,000 ಹೆಚ್ಚುವರಿ ವೀಸಾ ಬಿಟ್ಟಿತ್ತು. ಆಗ ಬಂದ ಅನೇಕರಲ್ಲಿ ನಾನೂ ಒಬ್ಬಳು. ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುತ್ತಲೇ ಮಾಸ್ಟರ್ಸ್ ಓದಿ, ಪರೀಕ್ಷೆ ಬರೆದು ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಆದೆ. ಅಂದರೆ ಹಸುಗೂಸಿನಿಂದ ಹಿಡಿದು ಅಜ್ಜ ಅಜ್ಜಿಯವರೆಗೆ ಪರೀಕ್ಷೆ ಮಾಡುವುದು, ರಕ್ತ ಪರೀಕ್ಷೆಗೆ ಬರೆಯುವುದು, ಕಾಯಿಲೆ ಏನು ಅಂತ ಹೇಳುವುದು, ಔಷಧಿ ಕೊಡುವುದು. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಈ ದಾರಿ ಶುರು ಮಾಡಿದರು. ಡಾಕ್ಟರುಗಳು ಸಿಗದ ಕಡೆ ಮಕ್ಕಳಿಗೆ ಆರೈಕೆ ಸಿಗಲಿ ಅನ್ನುವುದೇ ಅವರ ಉದ್ದೇಶವಾಗಿತ್ತು. ನೆಬ್ರಾಸ್ಕಾದಲ್ಲಿ 2015ರ ಕಾನೂನಿನ ಪ್ರಕಾರ, 2,000 ಗಂಟೆ ಅನುಭವಿಗಳ ಜೊತೆ ಕೆಲಸ ಮಾಡಿದ ಮೇಲೆ ನಮ್ಮಂಥವರು ಡಾಕ್ಟರ ಜೊತೆ ಒಪ್ಪಂದವಿಲ್ಲದೆ ಸ್ವತಂತ್ರವಾಗಿ ರೋಗಿಗಳನ್ನು ನೋಡಬಹುದು. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ಟೆಕ್ಸಾಸ್‌ನಲ್ಲಿ ಇವತ್ತಿಗೂ ಡಾಕ್ಟರ ಜೊತೆ ಒಪ್ಪಂದ ಬೇಕು.

ನಮ್ಮ ಕ್ಲಿನಿಕ್ ಒಂದು ಸಣ್ಣ ಆಸ್ಪತ್ರೆಗೆ ಅಂಟಿಕೊಂಡಿದೆ. ಇಂಥವಕ್ಕೆ 'ಕ್ರಿಟಿಕಲ್ ಆಕ್ಸೆಸ್' ಆಸ್ಪತ್ರೆ ಅನ್ನುತ್ತಾರೆ. 25 ಹಾಸಿಗೆಗಿಂತ ಜಾಸ್ತಿ ಇರುವಂತಿಲ್ಲ. ಹೃದಯದ ಡಾಕ್ಟರ್ ತಿಂಗಳಿಗೊಮ್ಮೆ ದೂರದ ಊರಿನಿಂದ ಬಂದು ಹೋಗುತ್ತಾರೆ. ಉಳಿದ ದಿನ ನಾವೇ.

ಈಗ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ಡಿಸೆಂಬರಿನಲ್ಲಿ ನಾನು ನೋಡುತ್ತಿದ್ದ ಬಿಪಿಗಳು ಬೇಸಿಗೆಗಿಂತ ಜಾಸ್ತಿ ಇರುತ್ತಿದ್ದವು. ಚಳಿಗೆ ಬಿಪಿ ಸ್ವಲ್ಪ ಏರುವುದು ನಿಜ. ಆದರೆ ಅಷ್ಟೊಂದು ಏರುವುದಿಲ್ಲ. 'ಮಾತ್ರೆ ಸರಿಯಾಗಿ ತಗೋತಿದ್ದೀರಾ?' ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಯಾರು ಇಲ್ಲ ಅಂತಾರೆ, ಅಲ್ವಾ? ಹಾಗಾಗಿ ಪ್ರಶ್ನೆ ಬದಲಿಸಿದೆ. 'ಕೊಯ್ಲಿನ ಸಮಯದಲ್ಲಿ ಯಾವ ಮಾತ್ರೆ ತಗೊಳ್ಳೋದು ಕಷ್ಟ?' ಎಂದು ಕೇಳತೊಡಗಿದೆ. ಆಗ ಬಾಯಿ ಬಿಟ್ಟರು. ಮೂತ್ರ ಹೋಗುವ ಮಾತ್ರೆ!

ಯೋಚನೆ ಮಾಡಿದರೆ ಎಷ್ಟು ಸಹಜ. ಬಿಪಿಗೆ ಕೊಡುವ ಇಂಥ ಮಾತ್ರೆಗಳಾದ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ಒಳ್ಳೆಯ ಔಷಧಿಗಳೇ. ಅಗ್ಗ ಕೂಡ. ಆದರೆ ಕಂಬೈನಿನ ಕ್ಯಾಬಿನಲ್ಲಿ ಇಡೀ ದಿನ ಕೂತವನು ಪದೇ ಪದೇ ಕೆಳಗಿಳಿಯುವುದು ಹೇಗೆ? ಪಕ್ಕದಲ್ಲಿ ಓಡುವ ಧಾನ್ಯದ ಗಾಡಿ, ಧಾನ್ಯ ತುಂಬಿಡುವ ಎಲಿವೇಟರ್‌ಗೆ ಹೋಗುವ ಲಾರಿ, ಎಲ್ಲವೂ ಅವನಿಗಾಗಿ ಕಾಯುತ್ತವೆ. ಧಾನ್ಯದ ಗಾಡಿ ಓಡಿಸುವವರಲ್ಲಿ ಹೆಂಗಸರೂ ಇದ್ದಾರೆ. ಬಟಾಬಯಲಿನಲ್ಲಿ ಅವರ ಕಷ್ಟ ಇನ್ನೂ ಜಾಸ್ತಿ. ಹಾಗಾಗಿ ಆ ಮಾತ್ರೆಯನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಎಷ್ಟೋ ಸಲ ಅದೇ ಗುಳಿಗೆಯಲ್ಲಿ ಬೇರೆ ಬಿಪಿ ಔಷಧಿಯೂ ಸೇರಿರುತ್ತದೆ. ಆಗ ಎರಡೂ ತಪ್ಪಿಹೋಗುತ್ತವೆ.

ರಾತ್ರಿ ತಗೊಳ್ಳಿ ಅನ್ನುವುದು ಸುಲಭದ ಉತ್ತರ. ನಾನು ಅದನ್ನು ಹೇಳುವುದಿಲ್ಲ. ಕೊಯ್ಲಿನಲ್ಲಿ ಅವರಿಗೆ ಸಿಗುವ ನಿದ್ದೆಯೇ ಐದಾರು ಗಂಟೆ. ಅದರಲ್ಲೂ ಎರಡು ಸಲ ಎದ್ದರೆ ಮಾರನೇ ದಿನ ದೊಡ್ಡ ಯಂತ್ರದ ಮೇಲೆ ತೂಕಡಿಕೆ. ಅದು ಬಿಪಿಗಿಂತ ಬೇಗ ಜೀವ ತೆಗೆಯುತ್ತದೆ.

ಬಿಪಿಗಾಗಿ ಮಾತ್ರ ಆ ಮಾತ್ರೆ ತಗೊಳ್ಳುವವರಿಗೆ ನಾನು ಅಮ್ಲೋಡಿಪಿನ್ ಮತ್ತು ಲೋಸಾರ್ಟಾನ್ ತರಹದ ಜೋಡಿಗೆ ಬದಲಿಸುತ್ತೇನೆ. ದಿನಕ್ಕೆ ಒಮ್ಮೆ ಸಾಕು. ಅಮ್ಲೋಡಿಪಿನ್ ಒಂದನ್ನೇ ಕೊಟ್ಟರೆ, ಇಡೀ ದಿನ ಕೂತು ಕೆಲಸ ಮಾಡುವವರಿಗೆ ಪಾದ ಊದುವುದು ಜಾಸ್ತಿ. ಜೊತೆಗೆ ಲೋಸಾರ್ಟಾನ್ ಇದ್ದರೆ ಊತ ಕಡಿಮೆಯಾಗುತ್ತದೆ. ಆದರೆ ಲೋಸಾರ್ಟಾನ್ ಶುರು ಮಾಡಿದ ಎರಡರಿಂದ ನಾಲ್ಕು ವಾರದೊಳಗೆ ರಕ್ತದಲ್ಲಿ ಪೊಟ್ಯಾಸಿಯಂ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಲೇಬೇಕು. ಅದಕ್ಕೇ ಈ ಬದಲಾವಣೆಯನ್ನು ಜುಲೈ ಅಥವಾ ಆಗಸ್ಟ್ ಶುರುವಿನಲ್ಲೇ ಮಾಡುತ್ತೇನೆ. ಸೆಪ್ಟೆಂಬರಿನಲ್ಲಿ ಶುರು ಮಾಡಿದರೆ ರಕ್ತ ಕೊಡಲು ಯಾರೂ ಬರುವುದಿಲ್ಲ. ಹೃದಯ ದುರ್ಬಲವಾಗಿ ನೀರು ತುಂಬಿಕೊಳ್ಳುವವರ ಕಥೆ ಬೇರೆ. ಅವರು ಮೂತ್ರದ ಮಾತ್ರೆ ಬಿಡುವ ಹಾಗೇ ಇಲ್ಲ. ಅವರಿಗೆ ದಿನಾ ಬೆಳಗ್ಗೆ ತೂಕ ನೋಡಿಕೊಳ್ಳಲು ಹೇಳುತ್ತೇನೆ. ಯಾವ ಹೊತ್ತಿಗೆ ಮಾತ್ರೆ ತಗೊಂಡರೆ ಕೆಲಸಕ್ಕೆ ಅಡ್ಡಿಯಾಗದು ಅಂತ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮಾತಾಡುತ್ತೇನೆ.

ಇನ್ನೊಬ್ಬ ಕಳ್ಳ ಅವರ ಪಿಕಪ್ ಗಾಡಿಯಲ್ಲೇ ಇರುತ್ತಾನೆ. ಐಬುಪ್ರೊಫೆನ್‌ನ ದೊಡ್ಡ ಡಬ್ಬಿ. ಬೆನ್ನು ನೋವಿಗೆ ಹಿಡಿಹಿಡಿ ನುಂಗುತ್ತಾರೆ. ಅದು ಬಿಪಿ ಏರಿಸುತ್ತದೆ. ಲೋಸಾರ್ಟಾನ್ ಮತ್ತು ಮೂತ್ರದ ಮಾತ್ರೆ ಎರಡರ ಜೊತೆಗೂ ಬಿದ್ದರೆ ಕಿಡ್ನಿಗೆ ಹೊಡೆತ. ಬಿಸಿಲಲ್ಲಿ ಬೆವತು ನೀರು ಕಡಿಮೆಯಾದ ದಿನವಂತೂ ಇನ್ನೂ ಅಪಾಯ. 'ನೋವಿಗೆ ಏನು ತಗೋತೀರಿ?' ಎಂದು ಬೇರೆಯಾಗಿಯೇ ಕೇಳಬೇಕು. ಅಂಗಡಿಯಲ್ಲಿ ಸಿಗುವುದನ್ನು ಅವರು ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬದಲಿಗೆ ಅಸೆಟಾಮಿನೋಫೆನ್ ಕೊಡುತ್ತೇನೆ. ಅದೇ, ನಮ್ಮ ಕಡೆಯ ಪ್ಯಾರಾಸಿಟಮಾಲ್. ಮಂಡಿಗೆ ಹಚ್ಚಲು ಡೈಕ್ಲೊಫೆನಾಕ್ ಜೆಲ್ ಹೇಳುತ್ತೇನೆ. ಅದೂ ಈಗ ಇಲ್ಲಿ ಚೀಟಿ ಇಲ್ಲದೆ ಸಿಗುತ್ತದೆ.

ಶುಗರ್ ಇರುವವರಲ್ಲಿ ನನ್ನ ಭಯ ಶುಗರ್ ಏರುವುದಕ್ಕಿಂತ ಇಳಿಯುವುದರ ಬಗ್ಗೆ. ಮಧ್ಯಾಹ್ನದ ಊಟ ಮೂರು ಗಂಟೆಗೆ ಹೊಲಕ್ಕೆ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ಗ್ಲಿಪಿಜೈಡ್ ತರಹದ ಮಾತ್ರೆ ತಗೊಂಡು ಊಟ ತಪ್ಪಿಸಿದರೆ ಕೈ ನಡುಗಿ ತಲೆ ಮಂಕಾಗುತ್ತದೆ. ಅಂಥವರಿಗೆ ಕೊಯ್ಲಿನ ಮೊದಲೇ ಬೇರೆ ಔಷಧಿ ಹುಡುಕುತ್ತೇನೆ. ಇನ್ಸುಲಿನ್ ಇರುವವರಿಗೆ ತೋಳಿಗೆ ಅಂಟಿಸುವ ಶುಗರ್ ಸೆನ್ಸರ್ ದೊಡ್ಡ ವರ. ಶುಗರ್ ಇಳಿದರೆ ಫೋನ್ ಕೂಗುತ್ತದೆ. ಮನೆಯಲ್ಲಿರುವ ಹೆಂಡತಿಯ ಫೋನಿಗೂ ಅದೇ ಅಂಕಿ ಹೋಗುವ ಹಾಗೆ ಮಾಡಿಕೊಡುತ್ತೇವೆ. ಇನ್ಸುಲಿನ್ ಪೆನ್ನನ್ನು ರಾತ್ರಿ ಗಾಡಿಯಲ್ಲಿ ಬಿಡಬೇಡಿ ಅಂತಲೂ ಹೇಳಬೇಕು. ನವೆಂಬರ್ ಚಳಿಗೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ.

ಕುಟುಂಬದ ನರ್ಸ್ ಆಗಿರುವುದರ ಬೆಲೆ ಗೊತ್ತಾಗುವುದು ಇಲ್ಲಿಯೇ. ಗಂಡ ಬರದಿದ್ದರೂ ಮಗನ ಶಾಲೆಯ ಕ್ರೀಡಾ ತಪಾಸಣೆಗೆ ಹೆಂಡತಿ ಬರುತ್ತಾಳೆ. ಅಜ್ಜಿಗೆ ಫ್ಲೂ ಲಸಿಕೆ ಹಾಕಿಸಲು ಸೊಸೆ ಬರುತ್ತಾಳೆ. 'ಅವರಿಗೆ ರಾತ್ರಿ ಎದೆ ಹಿಡಿದ ಹಾಗೆ ಆಗುತ್ತಂತೆ' ಅನ್ನುವ ಸುದ್ದಿ ಹೀಗೆಯೇ ನನ್ನ ಕಿವಿಗೆ ಬೀಳುವುದು. ಅವರು ಹೇಳಿದ್ದನ್ನು ನಾನು ಕೇಳಿಸಿಕೊಳ್ಳಬಹುದು. ಆದರೆ ಅವನ ರಿಪೋರ್ಟಿನಲ್ಲಿ ಇರುವುದನ್ನು ಅವನ ಒಪ್ಪಿಗೆ ಇಲ್ಲದೆ ಅವಳಿಗೆ ಹೇಳುವಂತಿಲ್ಲ. ಸಣ್ಣ ಊರಿನಲ್ಲಿ ಈ ಗೆರೆ ಕಾಯುವುದು ತುಂಬಾ ಮುಖ್ಯ. ದಿನಸಿ ಅಂಗಡಿಯಲ್ಲಿ, ಚರ್ಚಿನ ಊಟದಲ್ಲಿ ಯಾರಾದರೂ 'ನಮ್ಮ ಅಣ್ಣನ ಸ್ಕ್ಯಾನ್ ಹೇಗಿತ್ತು?' ಅಂತ ಕೇಳಿಯೇ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುವುದು. ನಾನು ನಕ್ಕು, 'ಅವರನ್ನೇ ಕೇಳಿ' ಅನ್ನುತ್ತೇನೆ. ಒಮ್ಮೆ ಆ ನಂಬಿಕೆ ಹೋದರೆ, ಜನ ಗರ್ಭ, ಕುಡಿತ, ಖಿನ್ನತೆಯ ವಿಷಯವನ್ನು ನನ್ನ ಹತ್ತಿರ ಯಾವತ್ತೂ ಎತ್ತುವುದಿಲ್ಲ.

ಖಿನ್ನತೆ ಅಂದೆ. ಮೆಕ್ಕೆಜೋಳದ ಬೆಲೆ ಬಿದ್ದ ವರ್ಷ, ಆಲಿಕಲ್ಲು ಬಿದ್ದ ವರ್ಷ ನಾನು ಎಲ್ಲರಿಗೂ ಒಂಬತ್ತು ಪ್ರಶ್ನೆಯ ಹಾಳೆ ಕೊಡುತ್ತೇನೆ. ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಹಾಳೆಯಲ್ಲಿ 'ಇಲ್ಲ' ಅಂತ ಇದ್ದರೂ, ಮುಖ ಬೇರೆ ಹೇಳಿದರೆ ಬಾಯಿಬಿಟ್ಟೇ ಕೇಳುತ್ತೇನೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮನೆಯಲ್ಲಿ ಬಂದೂಕು ಇದೆಯೇ, ಸದ್ಯಕ್ಕೆ ಅಣ್ಣನೋ ತಮ್ಮನೋ ಇಟ್ಟುಕೊಳ್ಳಬಹುದೇ ಅಂತಲೂ ಕೇಳುತ್ತೇನೆ. ಇಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಬಂದೂಕು ಇರುತ್ತದೆ. 2022ರಿಂದ 988 ಎಂಬ ಮೂರಂಕಿಯ ಸಹಾಯವಾಣಿ ಇದೆ. ಅದನ್ನು ಅವರ ಫೋನಿನಲ್ಲಿ ಅಲ್ಲೇ ಉಳಿಸಿ ಕಳಿಸುತ್ತೇನೆ.

ಉಳಿದ ತಪಾಸಣೆಗಳೆಲ್ಲ ಚಳಿಗಾಲಕ್ಕೆ. ಜನವರಿಯಲ್ಲಿ ವಿಮೆಯ ಲೆಕ್ಕ ಹೊಸದಾಗಿ ಶುರುವಾಗುತ್ತದೆ, ಮೊದಲ ಖರ್ಚು ಜೇಬಿನಿಂದಲೇ ಹೋಗುತ್ತದೆ. ಹಾಗಾಗಿ ಜನ ಹಿಂಜರಿಯುತ್ತಾರೆ. 45 ದಾಟಿದವರಿಗೆ ಕರುಳಿನ ಕ್ಯಾನ್ಸರ್ ತಪಾಸಣೆ ಹೆಚ್ಚಿನ ವಿಮೆಗಳಲ್ಲಿ ಉಚಿತ ಅಂತ ಹೇಳಿ, ಮನೆಯಲ್ಲೇ ಮಾಡುವ ಮಲ ಪರೀಕ್ಷೆಯ ಕಿಟ್ ಕೊಟ್ಟು ಕಳಿಸುತ್ತೇನೆ.

ಸಕಲೇಶಪುರದಲ್ಲಿ ಅರೇಬಿಕಾ ಹಣ್ಣು ಕೊಯ್ಯುವಾಗಲೂ ಆಸ್ಪತ್ರೆಯ ಕಡೆ ಯಾರೂ ಹೋಗುತ್ತಿರಲಿಲ್ಲ. ನನ್ನ ಜೊತೆ ಓದಿದ ಗೆಳತಿ ಈಗ ಅಲ್ಲಿಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಆಯುಷ್ಮಾನ್ ಭಾರತ ಬಂದ ಮೇಲೆ ನರ್ಸಿಂಗ್ ಓದಿದ ಸಾವಿರಾರು ಜನ ಈ ಹುದ್ದೆಗೆ ಸೇರಿದ್ದಾರೆ. ಬಿಪಿ ಅಳೆಯುವುದು, ಶುಗರ್ ನೋಡುವುದು, ಮಾತ್ರೆ ಹಂಚುವುದು ಅವರ ದಿನದ ಕೆಲಸ. ನಾವಿಬ್ಬರೂ ಫೋನಿನಲ್ಲಿ ಮಾತಾಡುವುದು ಹೆಚ್ಚಾಗಿ ಇದನ್ನೇ. ಅವಳು ಬಿಪಿ ಮೆಷಿನ್ನನ್ನು ತೋಟದ ಲೈನ್ ಮನೆಗಳ ಹತ್ತಿರ ಸಂಜೆ ಹೊತ್ತು ಒಯ್ಯುತ್ತಾಳೆ. ಕೂಲಿ ಕಳೆದುಕೊಂಡು ಯಾರೂ ಬರುವುದಿಲ್ಲ, ನಾವೇ ಹೋಗಬೇಕು ಅನ್ನುತ್ತಾಳೆ.

ಅವಳ ಮಾತು ಕೇಳಿಯೇ ನಾನು ಊರಿನ ಧಾನ್ಯದ ಸಹಕಾರ ಸಂಘದವರ ಜೊತೆ ಮಾತಾಡಿದೆ. ಕೊಯ್ಲಿನಲ್ಲಿ ಲಾರಿಗಳು ಅಲ್ಲಿ ಸಾಲುಗಟ್ಟುತ್ತವೆ. ತೂಕದ ಕೋಣೆಯ ಪಕ್ಕದಲ್ಲಿ ಒಂದು ಕುರ್ಚಿ, ತೋಳಿಗೆ ಕಟ್ಟುವ ಬಿಪಿ ಮೆಷಿನ್, ದೊಡ್ಡ ತೋಳಿಗೆ ಬೇರೆ ಪಟ್ಟಿ, ಒಂದು ಡಬ್ಬ ಇಟ್ಟಿದ್ದೇವೆ. ಐದು ನಿಮಿಷ ಸುಮ್ಮನೆ ಕೂರಿ, ಪಾದ ನೆಲಕ್ಕೆ ತಾಗಿರಲಿ, ಮಾತಾಡಬೇಡಿ ಅಂತ ಗೋಡೆಗೆ ಹಾಳೆ ಅಂಟಿಸಿದ್ದೇನೆ. ಅಂಕಿ, ಹೆಸರು, ಫೋನ್ ನಂಬರ್ ಚೀಟಿಯಲ್ಲಿ ಬರೆದು ಬೀಗ ಹಾಕಿದ ಡಬ್ಬಕ್ಕೆ ಹಾಕಬೇಕು. ಶುಕ್ರವಾರ ಕೆಲಸ ಮುಗಿಸಿ ಹೋಗಿ ನಾನೇ ತೆರೆಯುತ್ತೇನೆ. ಬಿಪಿಯ ಮೇಲಿನ ಅಂಕಿ 180 ದಾಟಿದರೆ ಕೂಡಲೇ ಫೋನ್ ಮಾಡಿ ಅಂತ ಹಾಳೆಯಲ್ಲೇ ದಪ್ಪಕ್ಷರದಲ್ಲಿದೆ. ಎದೆನೋವೋ ಉಸಿರಾಟದ ತೊಂದರೆಯೋ ಇದ್ದರೆ ತುರ್ತು ಸಂಖ್ಯೆ 911. ವರ್ಷಗಟ್ಟಲೆ ಕ್ಲಿನಿಕ್ ಮೆಟ್ಟಿಲು ಹತ್ತದವರ ಚೀಟಿಗಳೂ ಅದರಲ್ಲಿ ಸಿಕ್ಕಿವೆ. ಅವರಲ್ಲಿ ಕೆಲವರು ಈಗ ಪ್ರತಿ ಜುಲೈಗೆ ತಾವೇ ಅಪಾಯಿಂಟ್‌ಮೆಂಟ್ ತಗೋತಾರೆ.